ಜ್ವರದ ಬಂದರಿನ ಡಾಕ್ಟರ್ ಮತ್ತು ಅವನ ಮಂಜುಗಡ್ಡೆ ಯಂತ್ರ

ಎಸಿಯ ಚರಿತ್ರೆ ಬರೆಯುವವರೆಲ್ಲ ಜಾನ್ ಗಾರಿಗೆ ಒಂದು ಪ್ಯಾರಾ ಮೀಸಲಿಡುತ್ತಾರೆ. ಫ್ಲೋರಿಡಾದ ಡಾಕ್ಟರೊಬ್ಬ 1851ರಲ್ಲಿ ಮಂಜುಗಡ್ಡೆ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ, ಪತ್ರಿಕೆಗಳು ನಕ್ಕವು, ದುಡ್ಡು ಹಾಕುವವರು ಸಿಗಲಿಲ್ಲ, ಕೊರಗಿ ಸತ್ತ. ಅಷ್ಟೇ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಯಂತ್ರಕ್ಕೆ ಕೈಹಾಕುವ ಮೊದಲು ಅವನು ತನ್ನ ಊರಿನ ಅಂಚೆ ಕಚೇರಿ, ಖಜಾನೆ, ಪುರಸಭೆ, ನಾವಿಕರ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದಿದ್ದ ಎಂಬುದು ಆ ಪ್ಯಾರಾದಲ್ಲಿ ಎಲ್ಲೂ ಇರುವುದಿಲ್ಲ. ನನ್ನ ಮಟ್ಟಿಗೆ ಗಾರಿಯ ಯಂತ್ರ, ಊರಿನ ಜೌಗು ಬಸಿಯುವ ಅವನ ಚರಂಡಿ ಯೋಜನೆಯ ಮುಂದಿನ ಹಂತ. ಹಾಗೆ ನೋಡಿದಾಗ ಅವನು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದೂ ಬಿಡಿಸಿಕೊಳ್ಳುತ್ತದೆ.

ಗಾರಿ ಹುಟ್ಟಿದ್ದು 1803ರಲ್ಲಿ, ಕೆರಿಬಿಯನ್ನಿನ ನೆವಿಸ್ ದ್ವೀಪದಲ್ಲಿ ಎನ್ನುವವರೇ ಹೆಚ್ಚು. ಬೆಳೆದದ್ದು ದಕ್ಷಿಣ ಕೆರೊಲಿನಾದಲ್ಲಿ. ವೈದ್ಯಕೀಯ ಓದಿದ್ದು ನ್ಯೂಯಾರ್ಕ್ ರಾಜ್ಯದ ಫೇರ್‌ಫೀಲ್ಡ್ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ, 1827ರಲ್ಲಿ ಪದವಿ. ಆ ಕಾಲದ ಅಮೆರಿಕದ ವೈದ್ಯ ಶಿಕ್ಷಣವೆಂದರೆ ಕೆಲವೇ ತಿಂಗಳ ಎರಡು ಅವಧಿಯ ಉಪನ್ಯಾಸ, ಜೊತೆಗೆ ಯಾವನಾದರೂ ಹಿರಿಯ ವೈದ್ಯನ ಕೈಕೆಳಗೆ ಕಲಿಕೆ. ಎರಡನೆಯ ಅವಧಿಯಲ್ಲಿ ಮೊದಲನೆಯದರ ಪಾಠಗಳೇ ಮತ್ತೊಮ್ಮೆ ಬರುತ್ತಿದ್ದುದು ಸಾಮಾನ್ಯ. ಈ ಬಂಡವಾಳದೊಂದಿಗೆ ಅವನು ಕೆಲಕಾಲ ದಕ್ಷಿಣ ಕೆರೊಲಿನಾದ ಆಬೆವಿಲ್‌ನಲ್ಲಿ ವೈದ್ಯ ವೃತ್ತಿ ನಡೆಸಿ, 1833ರಲ್ಲಿ ಫ್ಲೋರಿಡಾದ ಅಪಲಾಚಿಕೋಲಾಕ್ಕೆ ಬಂದ.

ಈ ಊರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಚಾಟಹೂಚಿ ಮತ್ತು ಫ್ಲಿಂಟ್ ನದಿಗಳು ಸೇರಿ ಅಪಲಾಚಿಕೋಲಾ ನದಿಯಾಗಿ ಮೆಕ್ಸಿಕೋ ಕೊಲ್ಲಿಯನ್ನು ಕೂಡುವ ಜಾಗ ಅದು. ಜಾರ್ಜಿಯಾ, ಅಲಬಾಮಾಗಳ ಒಳನಾಡಿನ ಹತ್ತಿ ಸ್ಟೀಮ್‌ಬೋಟುಗಳಲ್ಲಿ ಇಳಿದು ಇಲ್ಲಿಗೆ ಬರುತ್ತಿತ್ತು. ಕೊಲ್ಲಿಯ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಹತ್ತಿಯ ಮೂಟೆಗಳನ್ನು ಚಿಕ್ಕ ದೋಣಿಗಳಲ್ಲಿ ಸಾಗಿಸಿ ಏರಿಸಬೇಕಿತ್ತು. ಆ ಹತ್ತಿಯನ್ನು ಬೆಳೆದವರು ಗುಲಾಮಗಿರಿಯಲ್ಲಿದ್ದ ಕಪ್ಪುಜನರು. ನ್ಯೂ ಆರ್ಲಿಯನ್ಸ್ ಮತ್ತು ಮೊಬೀಲ್ ಬಿಟ್ಟರೆ ಕೊಲ್ಲಿಯ ಮೂರನೆಯ ದೊಡ್ಡ ಹತ್ತಿ ಬಂದರು ಎಂದು ಅಪಲಾಚಿಕೋಲಾ ಹೆಸರು ಪಡೆಯಿತು. ಚಳಿಗಾಲದಲ್ಲಿ ಬಂದರು ತುಂಬಿ ತುಳುಕುತ್ತಿತ್ತು. ಬೇಸಿಗೆ ಬಂತೆಂದರೆ ಅನುಕೂಲಸ್ಥರು ಊರು ಬಿಡುತ್ತಿದ್ದರು, ಏಕೆಂದರೆ ಸುತ್ತಲಿನ ಜೌಗಿನಲ್ಲಿ ಜ್ವರ ಏಳುತ್ತಿತ್ತು.

ಇಂಥ ಹೊಸ ಊರಿನಲ್ಲಿ ಓದುಬರಹ ಬಲ್ಲ, ಜನ ನಂಬುವ ಡಾಕ್ಟರನಿಗೆ ಕೆಲಸ ಹುಡುಕಿಕೊಂಡು ಬರುತ್ತದೆ. 1834ರಲ್ಲಿ ಗಾರಿ ಪೋಸ್ಟ್ ಮಾಸ್ಟರ್ ಆದ. ಆಮೇಲೆ ಪುರಸಭೆಯ ಸದಸ್ಯ, ಖಜಾಂಚಿ, 1837ರಲ್ಲಿ ಮೇಯರ್. ಟ್ರಿನಿಟಿ ಎಪಿಸ್ಕೋಪಲ್ ಚರ್ಚು ಕಟ್ಟಿದವರಲ್ಲಿ ಅವನೂ ಒಬ್ಬ. ಫ್ರೀಮೇಸನ್ ಎಂಬ ಸೋದರ ಸಂಘ, ಬ್ಯಾಂಕು ಎಲ್ಲದರಲ್ಲೂ ಅವನ ಹೆಸರಿದೆ. 1838ರಲ್ಲಿ ಊರಿನ ಹೋಟೆಲೊಂದರ ಒಡತಿಯಾಗಿದ್ದ ಕ್ಯಾರೊಲಿನ್ ಬೀಮನ್ ಎಂಬ ವಿಧವೆಯನ್ನು ಮದುವೆಯಾದ. ನಾವಿಕರ ಆಸ್ಪತ್ರೆಯ ರೋಗಿಗಳನ್ನೂ ಅವನೇ ನೋಡಿಕೊಳ್ಳುತ್ತಿದ್ದ. 1798ರ ಕಾನೂನಿನ ಪ್ರಕಾರ ಪ್ರತಿ ನಾವಿಕನ ಸಂಬಳದಿಂದ ತಿಂಗಳಿಗೆ 20 ಸೆಂಟ್ ಮುರಿದು ನಡೆಸುತ್ತಿದ್ದ ವ್ಯವಸ್ಥೆ ಅದು. ಹಡಗಿನಿಂದ ಇಳಿದ ಕಾಯಿಲೆ ಮನುಷ್ಯನನ್ನು ಬೀದಿಯಲ್ಲಿ ಬಿಡದಂತೆ ಮಾಡಿದ ಈ ಸಣ್ಣ ಕಡಿತವೇ ಬೆಳೆಯುತ್ತ ಮುಂದೆ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯಾಯಿತು.

ಪುರಸಭೆಯಲ್ಲಿ ಅವನು ಹಿಡಿದ ಹಟ ಒಂದೇ. ಜೌಗಿನ ನೀರು ಬಸಿಯಬೇಕು, ತಗ್ಗು ಮುಚ್ಚಬೇಕು, ಬೀದಿ ಬದಿಯ ಕಳೆ ಕೀಳಬೇಕು, ಕೊಳೆಯುವ ಕಸ ಸಾಗಿಸಬೇಕು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂಬುದು ಆಗಿನ ಬಹುಪಾಲು ವೈದ್ಯರ ನಂಬಿಕೆ. ಶಾಖ, ತೇವ, ಕೊಳೆತ ಸೊಪ್ಪು ಮೂರೂ ಸೇರಿದ ಕಡೆ ಅದು ಹುಟ್ಟುತ್ತದೆ ಎಂದು ಲೆಕ್ಕ. ಈ ಮೂರರಲ್ಲಿ ಸೊಪ್ಪನ್ನು ಆಳುಗಳಿಂದ ಕೀಳಿಸಬಹುದು, ತೇವವನ್ನು ಕಾಲುವೆ ತೋಡಿ ಬಸಿಯಬಹುದು. ಶಾಖವನ್ನು ಏನು ಮಾಡುವುದು? ಗಾರಿಯ ಉಳಿದ ಬದುಕೆಲ್ಲ ಈ ಮೂರನೆಯ ಪ್ರಶ್ನೆಗೇ ಖರ್ಚಾಯಿತು.

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 1841ರಲ್ಲಿ ಹಳದಿ ಜ್ವರ ಆ ಕರಾವಳಿಯನ್ನು ಹಿಡಿಯಿತು. ಸ್ವಲ್ಪವೇ ದೂರದ ಸೇಂಟ್ ಜೋಸೆಫ್ ಅಪಲಾಚಿಕೋಲಾದ ಪ್ರತಿಸ್ಪರ್ಧಿ ಬಂದರು; ಫ್ಲೋರಿಡಾದ ಮೊದಲ ಸಂವಿಧಾನ ಬರೆಯಲು ಪ್ರತಿನಿಧಿಗಳು ಸೇರಿದ್ದು ಅಲ್ಲೇ. ಜ್ವರದ ಹೊಡೆತಕ್ಕೆ ಆ ಊರು ಬರಿದಾಯಿತು, ಮತ್ತೆ ಏಳಲೇ ಇಲ್ಲ. ವೈದ್ಯರ ಕೈಯಲ್ಲಿ ಇದ್ದದ್ದಾದರೂ ಏನು? ಚಳಿಜ್ವರಕ್ಕೆ ಕ್ವಿನೈನ್ ಇತ್ತು. 1820ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಸಿಂಕೋನಾ ತೊಗಟೆಯಿಂದ ಬೇರ್ಪಡಿಸಿದ್ದರು. ಹಳದಿ ಜ್ವರಕ್ಕೆ ಅದು ನಾಟುತ್ತಿರಲಿಲ್ಲ. ಉಳಿದದ್ದು ಪಾದರಸದ ಕ್ಯಾಲೊಮೆಲ್ ಪುಡಿ ಮತ್ತು ರಕ್ತ ತೆಗೆಯುವುದು. ಎರಡರಿಂದಲೂ ರೋಗಿ ಇನ್ನಷ್ಟು ಸೋಲುತ್ತಿದ್ದ. ಇದರ ನಡುವೆ ಎಲ್ಲ ವೈದ್ಯರ ಕಣ್ಣಿಗೂ ಬಿದ್ದಿದ್ದ ಒಂದು ಸಂಗತಿಯನ್ನು ಗಾರಿ ಗಟ್ಟಿಯಾಗಿ ಹಿಡಿದ: ಹಳದಿ ಜ್ವರ ಬೇಸಿಗೆಯಲ್ಲಿ ಏಳುತ್ತದೆ, ಮೊದಲ ಗಟ್ಟಿ ಹಿಮ ಬಿದ್ದೊಡನೆ ನಿಲ್ಲುತ್ತದೆ. ಹಾಗಿದ್ದರೆ ರೋಗಿಯ ಕೋಣೆಯಲ್ಲೇ ಹಿಮಕಾಲ ತರಿಸಬಹುದಲ್ಲ?

ಗಮನಿಸಿದ್ದು ಸರಿ, ಕಟ್ಟಿದ ಕಾರಣ ತಪ್ಪು. ಹಿಮ ಕೊಲ್ಲುತ್ತಿದ್ದದ್ದು ಸೊಳ್ಳೆಯನ್ನು. ಕ್ಯೂಬಾದ ಕಾರ್ಲೋಸ್ ಫಿನ್ಲೆ 1881ರಲ್ಲಿ ಸೊಳ್ಳೆಯ ಮೇಲೆ ಬೊಟ್ಟುಮಾಡಿದ, 1900ರಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್‌ನ ತಂಡ ಅದನ್ನು ಖಚಿತಪಡಿಸಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಮಲೇರಿಯಾ ಹರಡುವ ಅನಾಫಿಲಿಸ್ ಜೌಗಿನಲ್ಲಿ ಮೊಟ್ಟೆಯಿಡುತ್ತದೆ, ಆದ್ದರಿಂದ ಗಾರಿಯ ಕಾಲುವೆಗಳು ತಪ್ಪು ಕಾರಣಕ್ಕೆ ತೋಡಿದ್ದರೂ ಮಲೇರಿಯಾ ಮಟ್ಟಿಗೆ ಸರಿಯಾದ ಮದ್ದು. ಹಳದಿ ಜ್ವರದ ಈಡಿಸ್ ಸೊಳ್ಳೆಗೆ ಬೇಕಾದದ್ದು ಮನೆಯ ತೊಟ್ಟಿ, ಬಾನಿ, ಮಳೆನೀರಿನ ಪೀಪಾಯಿ. ಜೌಗು ಎಷ್ಟು ಬಸಿದರೂ ಅದಕ್ಕೆ ತೊಂದರೆಯಿಲ್ಲ. ನಮ್ಮ ಊರಿನ ಒಂದು ಪ್ರಸಂಗ ಇದಕ್ಕೆ ಹೊಂದುತ್ತದೆ: 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ಪೀಪಾಯಿಯಲ್ಲಿ ಮರಿಹುಳು ಕಂಡು ಅದನ್ನು ಬೋರಲು ಹಾಕಿದ, ಕೋಣೆಯ ಸೊಳ್ಳೆ ಕಡಿಮೆಯಾದವು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಅವನು ಸಿಕಂದರಾಬಾದಿನಲ್ಲಿ ನೋಡಿದ್ದು 1897ರಲ್ಲಿ. ಗಾರಿ ಆಗ ಸತ್ತು ನಾಲ್ಕು ದಶಕ ದಾಟಿತ್ತು.

1844ರಲ್ಲಿ ಗಾರಿ ಊರಿನ ಪತ್ರಿಕೆ ಕಮರ್ಷಿಯಲ್ ಅಡ್ವರ್ಟೈಸರ್‌ನಲ್ಲಿ ಚಳಿಜ್ವರ ತಡೆಯುವುದರ ಬಗ್ಗೆ ಲೇಖನಮಾಲೆ ಬರೆದ. ಸ್ವಂತ ಹೆಸರು ಹಾಕಲಿಲ್ಲ. ಸಿಡುಬಿಗೆ ಲಸಿಕೆ ತಂದ ಜೆನ್ನರ್‌ನ ಹೆಸರನ್ನು ಕಾವ್ಯನಾಮ ಮಾಡಿಕೊಂಡ. ತನ್ನ ಕೆಲಸವನ್ನು ಅವನು ಯಾವ ಸಾಲಿನಲ್ಲಿ ಇಟ್ಟಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅವನ ಕೋಣೆಯ ಏರ್ಪಾಡು ಸರಳ. ಚಾವಣಿಯಿಂದ ಮಂಜುಗಡ್ಡೆ ತುಂಬಿದ ಬೋಗುಣಿ ತೂಗುಹಾಕುವುದು. ಹೊರಗಿನ ಗಾಳಿಯನ್ನು ಚಿಮಣಿಯ ಮೂಲಕ ಕೊಳವೆಯಲ್ಲಿ ಇಳಿಸಿ ಆ ಮಂಜುಗಡ್ಡೆಯ ಮೇಲೆ ಹಾಯಿಸುವುದು. ತಣ್ಣಗಾದ ಗಾಳಿ ಭಾರವಾಗಿ ಕೆಳಗಿಳಿದು ರೋಗಿಯ ಮೇಲೆ ಹರಡಿ, ನೆಲದ ಬಳಿಯ ಕಿಂಡಿಯಿಂದ ಹೊರಗೆ ಹೋಗುತ್ತದೆ. ಬೀಸಣಿಗೆ ಬೇಡ, ಆಳು ಬೇಡ. ತಂಪು ಮೇಲಿರಬೇಕು, ಹೊರದಾರಿ ಕೆಳಗಿರಬೇಕು. ತಿರುವುಮುರುವಾದರೆ ತಂಪು ಗಾಳಿ ನೆಲದಲ್ಲೇ ಮಲಗುತ್ತದೆ. ತೇವ ಮಂಜುಗಡ್ಡೆಯ ಮೇಲೆ ಹನಿಗಟ್ಟುವುದರಿಂದ ಗಾಳಿ ಸ್ವಲ್ಪ ಒಣಗುತ್ತದೆ ಕೂಡ.

ಕಷ್ಟ ಇದ್ದದ್ದು ಮಂಜುಗಡ್ಡೆಯ ಲೆಕ್ಕದಲ್ಲಿ. ಒಂದು ಕೆಜಿ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಮಲಗಿದ ಮನುಷ್ಯನ ಮೈ ಹೊರಹಾಕುವ ಶಾಖ ಸುಮಾರು 100 ವ್ಯಾಟ್ ಎಂದು ಹಿಡಿದರೆ, ಅದನ್ನು ಸರಿದೂಗಿಸಲಿಕ್ಕೇ ದಿನಕ್ಕೆ 26 ಕೆಜಿ ಬೇಕು. ಗೋಡೆ, ಮಾಡು, ಹೊರಗಿನ ಬಿಸಿಗಾಳಿ ಇವುಗಳ ಲೆಕ್ಕ ಬೇರೆ. ನಾವು ಅಂಗಡಿಯಲ್ಲಿ ಒಂದೂವರೆ ಟನ್ ಎಸಿ ಎಂದು ಕೇಳುವ ಟನ್ನು ಬಂದದ್ದು ಇದೇ ಲೆಕ್ಕದಿಂದ. ಅಮೆರಿಕದ ಟನ್ ಎಂದರೆ 907 ಕೆಜಿ. ಅಷ್ಟು ಮಂಜುಗಡ್ಡೆ 24 ಗಂಟೆಯಲ್ಲಿ ಕರಗಿದರೆ ಸಿಗುವ ತಂಪು ಒಂದು ಟನ್, ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ ಎಸಿ ಇಡೀ ದಿನ ಓಡಿದರೆ 1,360 ಕೆಜಿ ಮಂಜುಗಡ್ಡೆ ಕರಗಿದ ಹಾಗೆ.

ಅಷ್ಟು ಮಂಜುಗಡ್ಡೆ ಬರುತ್ತಿದ್ದದ್ದು ಹಡಗಿನಲ್ಲಿ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಕೆರೆಗಳ ಮಂಜುಗಡ್ಡೆ ಕೊಯ್ಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ ದೇಶಾಂತರ ಮಾರುತ್ತಿದ್ದ. 1833ರಲ್ಲಿ ಅವನ ಟಸ್ಕನಿ ಹಡಗು 180 ಟನ್ ಹೇರಿಕೊಂಡು ಕಲ್ಕತ್ತಾಕ್ಕೆ ಹೊರಟು, ನಾಲ್ಕು ತಿಂಗಳ ಪ್ರಯಾಣದ ಮೇಲೂ ಸುಮಾರು 100 ಟನ್ ಮುಟ್ಟಿಸಿತು. ಮದ್ರಾಸಿನ ಕಡಲ ದಂಡೆಯ ಐಸ್ ಹೌಸ್ ಅದೇ ವ್ಯಾಪಾರದ ಗೋದಾಮು. 1897ರಲ್ಲಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಇಂದು ಅದಕ್ಕೆ ಅವರ ಹೆಸರಿದೆ. ಇಷ್ಟು ದೂರ ಹೋಗುವ ಮಂಜುಗಡ್ಡೆ ಫ್ಲೋರಿಡಾಕ್ಕೆ ಬರುವುದು ದೊಡ್ಡದಲ್ಲ. ಆದರೆ ಉತ್ತರದಲ್ಲಿ ಒಂದು ಚಳಿಗಾಲ ಬೆಚ್ಚಗಿದ್ದರೆ, ಒಂದು ಹಡಗು ತಡವಾದರೆ, ಜ್ವರದ ನಟ್ಟನಡುವೆ ಬೋಗುಣಿ ಬರಿದು. ರೋಗಿಯ ಚಿಕಿತ್ಸೆ ಬಾಸ್ಟನ್ನಿನ ಹವಾಮಾನದ ಮೇಲೆ ನಿಲ್ಲಬಾರದು ಎಂದು ಗಾರಿ ಊರಲ್ಲೇ ಮಂಜುಗಡ್ಡೆ ಮಾಡಲು ಹೊರಟ. 1845ರ ಹೊತ್ತಿಗೆ ವೈದ್ಯ ವೃತ್ತಿಯನ್ನೇ ಹೆಚ್ಚುಕಡಿಮೆ ಬಿಟ್ಟಿದ್ದ.

ಅವನು ಆರಿಸಿಕೊಂಡ ವಸ್ತು ಗಾಳಿ. ಈಥರ್‌ನಂಥ ದ್ರವವನ್ನು ಆವಿಮಾಡಿ ತಂಪು ಪಡೆಯುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲೇ ಲಂಡನ್ನಿನಲ್ಲಿ ಪೇಟೆಂಟ್ ಪಡೆದಿದ್ದ. ಈಥರ್ ಬೆಂಕಿ ಹಿಡಿಯುತ್ತದೆ, ಸೋರಿದರೆ ನಷ್ಟ. ಗಾಳಿ ಬಿಟ್ಟಿ, ಸೋರಿದರೂ ಯಾರೂ ಸಾಯುವುದಿಲ್ಲ. ರೋಗಿಗಳ ನಡುವೆ ಇಡಬೇಕಾದ ಯಂತ್ರಕ್ಕೆ ಇದು ಡಾಕ್ಟರನ ಆಯ್ಕೆ.

ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದಲ್ಲ, ಯಂತ್ರದ ಮೊದಲರ್ಧ ಅದೇ. ಎರಡೂ ಕಡೆಗೆ ಒತ್ತುವ ದೊಡ್ಡ ಪಂಪು ಗಾಳಿಯನ್ನು ಅದುಮುತ್ತದೆ. ಅದುಮುವಾಗಲೇ ಸಣ್ಣ ಪಂಪೊಂದು ಸಿಲಿಂಡರಿನೊಳಕ್ಕೆ ತಣ್ಣೀರು ಚಿಮ್ಮಿಸಿ ಹುಟ್ಟಿದ ಶಾಖವನ್ನು ಅಲ್ಲೇ ಹಿಡಿಯುತ್ತದೆ. ಆ ಗಾಳಿ ನೀರಿನ ತೊಟ್ಟಿಯಲ್ಲಿ ಮುಳುಗಿದ ಸುರುಳಿ ಕೊಳವೆಯಲ್ಲಿ ಹಾದು ಇನ್ನಷ್ಟು ತಣಿದು, ಒಂದು ಟ್ಯಾಂಕಿನಲ್ಲಿ ಒತ್ತಡದಲ್ಲೇ ಕೂಡುತ್ತದೆ. ಅಲ್ಲಿಂದ ಎರಡನೆಯ ಸಿಲಿಂಡರಿಗೆ ಹೋಗಿ, ಪಿಸ್ಟನ್ ತಳ್ಳುತ್ತ ಹಿಗ್ಗುತ್ತದೆ, ಹಿಗ್ಗುವಾಗ ತಂಪಾಗುತ್ತದೆ. ಈ ಸಿಲಿಂಡರು ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ, ಒಳಕ್ಕೂ ಉಪ್ಪುನೀರು ಚಿಮ್ಮುತ್ತದೆ. ತಣಿದ ಉಪ್ಪುನೀರು ಸಿಹಿನೀರಿನ ಪಾತ್ರೆಗಳಿಂದ ಶಾಖ ಕಿತ್ತು ಮಂಜುಗಡ್ಡೆ ಕಟ್ಟಿಸುತ್ತದೆ. ಹಿಗ್ಗುವ ಪಿಸ್ಟನ್ನಿನ ಬಲವನ್ನು ಮೊದಲ ಪಂಪಿಗೇ ಜೋಡಿಸಿರುವುದರಿಂದ ಹೊರಗಿನಿಂದ ಕೊಡಬೇಕಾದ ಶಕ್ತಿ ಅಷ್ಟು ಉಳಿಯುತ್ತದೆ.

ಇದರಲ್ಲಿ ಅವನ ಜಾಣತನ ಕಾಣುವುದು ಎರಡನೆಯ ಸಿಲಿಂಡರಿನಲ್ಲಿ. ಒತ್ತಿದ ಗಾಳಿಯನ್ನು ಸುಮ್ಮನೆ ಕಿಂಡಿಯಿಂದ ಬಿಟ್ಟರೆ ಹೇಳಿಕೊಳ್ಳುವಷ್ಟು ತಂಪು ಸಿಗುವುದಿಲ್ಲ. ಕೆಲಸ ಮಾಡದೆ ಹಿಗ್ಗಿದ ಗಾಳಿ ತಣಿಯುವುದಿಲ್ಲ ಎಂದು ಭೌತವಿಜ್ಞಾನಿ ಜೂಲ್ 1845ರಲ್ಲಿ ಮ್ಯಾಂಚೆಸ್ಟರಿನಲ್ಲಿ ತೋರಿಸಿದ್ದ. ಶಾಖವೆಂದರೆ ಒಂದು ಬಗೆಯ ದ್ರವ ಎಂಬ ಹಳೆಯ ಸಿದ್ಧಾಂತವೇ ಇನ್ನೂ ಪೂರ್ತಿ ಸತ್ತಿರದ ಕಾಲದಲ್ಲಿ, ಹತ್ತಿ ಬಂದರಿನಲ್ಲಿ ಕುಳಿತ ಡಾಕ್ಟರು ಗಾಳಿಯಿಂದ ಕೆಲಸ ಮಾಡಿಸಿಯೇ ತಂಪು ಪಡೆದ.

ಇನ್ನು ಕೆಡುಕಿನ ಲೆಕ್ಕ. 30 ಡಿಗ್ರಿಯ ಒಂದು ಕೆಜಿ ನೀರನ್ನು ಮಂಜುಗಡ್ಡೆ ಮಾಡಲು ಸುಮಾರು 460 ಕಿಲೋಜೂಲ್ ತೆಗೆಯಬೇಕು. ಒಂದು ಕೆಜಿ ಗಾಳಿ ಒಂದು ಡಿಗ್ರಿಗೆ ಹೀರುವುದು ಒಂದೇ ಕಿಲೋಜೂಲ್. ಆ ಗಾಳಿಯಿಂದ 40 ಡಿಗ್ರಿಯಷ್ಟು ಕೆಲಸಕ್ಕೆ ಬರುವ ತಂಪು ಸಿಕ್ಕಿತು ಎಂದರೂ, ಕೆಜಿ ಮಂಜುಗಡ್ಡೆಗೆ ಹನ್ನೊಂದೂವರೆ ಕೆಜಿ ಗಾಳಿ, ಅಂದರೆ ಸುಮಾರು 10 ಘನ ಮೀಟರ್, ಅದುಮಬೇಕು. ಹೀಗಾಗಿ ಯಂತ್ರ ದೊಡ್ಡದು, ಮಂಜುಗಡ್ಡೆ ಸ್ವಲ್ಪ.

ಅದಕ್ಕಿಂತ ಕೆಟ್ಟದ್ದು ತಿಕ್ಕಾಟ. ನಾಲ್ಕು ಪಟ್ಟು ಒತ್ತಡದ ಉದಾಹರಣೆ ತೆಗೆದುಕೊಳ್ಳೋಣ. ನೀರು ಚಿಮ್ಮಿಸುವುದನ್ನು ಸದ್ಯ ಬದಿಗಿಡೋಣ. 27 ಡಿಗ್ರಿಯ ಗಾಳಿ ಅದುಮಿದಾಗ 173 ಡಿಗ್ರಿಗೆ ಏರುತ್ತದೆ. ತಣಿಸಿ ಹಿಗ್ಗಿಸಿದರೆ ಮೈನಸ್ 71ಕ್ಕೆ ಇಳಿಯುತ್ತದೆ. ಕೆಜಿ ಗಾಳಿಗೆ ಅದುಮಲು ಬೇಕು 146 ಕಿಲೋಜೂಲ್, ಹಿಗ್ಗುವಾಗ ಮರಳುವುದು 98. ಕಾಗದದ ಮೇಲೆ ಖರ್ಚು 48 ಮಾತ್ರ. ಆದರೆ ಎರಡೂ ಕಡೆ ಐದರಲ್ಲೊಂದು ಭಾಗ ತಿಕ್ಕಾಟಕ್ಕೆ ಹೋದರೆ ಕೊಡಬೇಕಾದದ್ದು 182, ಮರಳುವುದು 78. ಖರ್ಚು 104ಕ್ಕೆ ಏರಿತು. ದೊಡ್ಡ ಎರಡು ಸಂಖ್ಯೆಗಳ ವ್ಯತ್ಯಾಸದ ಮೇಲೆ ಬದುಕುವ ಯಂತ್ರದ ಹಣೆಬರಹ ಇದು: ಪಿಸ್ಟನ್ನಿನ ಚರ್ಮ ಸ್ವಲ್ಪ ಬಿಗಿಯಾದರೆ, ವಾಲ್ವು ಸ್ವಲ್ಪ ಸೋರಿದರೆ ಖರ್ಚು ಇಮ್ಮಡಿ. ಈಥರ್‌ನಂಥ ದ್ರವವನ್ನು ಆವಿಮಾಡಿ ತಂಪು ಪಡೆಯುವ ಯಂತ್ರಗಳಲ್ಲಿ ಈ ಕಾಟ ಇಷ್ಟಿಲ್ಲ. ಅಲ್ಲಿ ಹಿಗ್ಗುವ ಸಿಲಿಂಡರೇ ಬೇಡ.

ತೇವದ ಗಾಳಿ ಇನ್ನೊಂದು ಶತ್ರು. ಹಿಗ್ಗುವಾಗ ಗಾಳಿಯ ಆವಿ ಹಿಮದ ಪುಡಿಯಾಗಿ ವಾಲ್ವಿಗೆ ಅಡರುತ್ತದೆ. ಚಿಮ್ಮಿಸಿದ ಉಪ್ಪುನೀರು ಆ ಹಿಮವನ್ನು ಕರಗಿಸುತ್ತದೆ ನಿಜ, ಆದರೆ ಕರಗಿದ ನೀರು ಉಪ್ಪನ್ನು ತೆಳ್ಳಗೆ ಮಾಡುತ್ತದೆ. ನೂರಕ್ಕೆ 23 ಪಾಲು ಉಪ್ಪಿದ್ದರೆ ಮೈನಸ್ 21 ಡಿಗ್ರಿಯವರೆಗೆ ಹೆಪ್ಪುಗಟ್ಟದ ನೀರು, 10 ಪಾಲಿಗೆ ಇಳಿದರೆ ಮೈನಸ್ 6ರ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ. ಉಪ್ಪಿನ ಹದ ನೋಡುತ್ತಲೇ ಇರಬೇಕು.

ಇಷ್ಟಾದರೂ ಯಂತ್ರ ಮಂಜುಗಡ್ಡೆ ಮಾಡಿತು. 1850ರ ಜುಲೈ 14ರಂದು, ಉತ್ತರದ ಹಡಗು ಬಾರದಿದ್ದಾಗ ಫ್ರೆಂಚ್ ಕಾನ್ಸಲ್‌ನ ಔತಣದಲ್ಲಿ ಗಾರಿಯ ಮಂಜುಗಡ್ಡೆಯಿಂದ ಶಾಂಪೇನ್ ತಣಿಸಿದರು ಎಂಬ ಕಥೆ ಆ ಊರಿನಲ್ಲಿ ಇಂದಿಗೂ ಓಡಾಡುತ್ತದೆ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಪೇಟೆಂಟ್ ಮಾತ್ರ ಗಟ್ಟಿ: 1850ರಲ್ಲಿ ಬ್ರಿಟನ್ನಿನದು, 1851ರ ಮೇ 6ರಂದು ಅಮೆರಿಕದ 8080ನೆಯ ಸಂಖ್ಯೆಯದು. ದೇವರು ಮಾಡುವ ಮಂಜುಗಡ್ಡೆಯನ್ನು ತಾನು ಮಾಡುತ್ತೇನೆ ಎನ್ನುವ ತಿಕ್ಕಲು ಡಾಕ್ಟರ್ ಎಂದು ಉತ್ತರದ ಪತ್ರಿಕೆ ಆಡಿಕೊಂಡಿತಂತೆ. ಹಣ ಹಾಕಲು ಒಪ್ಪಿದ್ದ ಪಾಲುದಾರ ಸತ್ತ, ಬೇರೆಯವರು ಮುಂದೆ ಬರಲಿಲ್ಲ. ಟ್ಯೂಡರನೇ ಹಿಂದಿನಿಂದ ಕೆಡಿಸಿದ ಎಂಬ ಮಾತು ಬಹಳ ಕಡೆ ಸಿಗುತ್ತದೆ. ಖಳನಾಯಕನಿದ್ದರೆ ಕಥೆ ಓಡುತ್ತದೆ. ಆದರೆ ಮೇಲಿನ ಲೆಕ್ಕ ನೋಡಿದವರಿಗೆ ಖಳನಾಯಕ ಬೇಕಿಲ್ಲ. ಗಾರಿ 1854ರಲ್ಲಿ ಯಂತ್ರದ ವಿವರಣೆಯ ಕಿರುಹೊತ್ತಗೆ ಅಚ್ಚುಹಾಕಿಸಿದ. 1855ರ ಜೂನ್ 29ರಂದು ತೀರಿಕೊಂಡ. ವಯಸ್ಸು ಐವತ್ತೊಂದು.

ಅವನ ಕೆಲಸವನ್ನು ಸರಿಯಾಗಿ ತೂಗಿದವನು ಎಂಜಿನಿಯರ್ ವಿಲಿಯಂ ಸೀಮೆನ್ಸ್. 1857ರಲ್ಲಿ ಲಂಡನ್ನಿನಲ್ಲಿ ಗಾರಿಯ ಯಂತ್ರವನ್ನು ಪರಿಶೀಲಿಸಿದ ಅವನು, ತತ್ತ್ವ ಸರಿ, ಪೋಲು ಜಾಸ್ತಿ ಎಂದು ಕಂಡ. ಕೆಲಸ ಮುಗಿಸಿ ಹೊರಬೀಳುವ ಗಾಳಿ ಇನ್ನೂ ತಣ್ಣಗಿದೆ. ಅದನ್ನು ಬೀದಿಗೆ ಬಿಡುವ ಬದಲು, ಒಳಬರುವ ಒತ್ತಿದ ಗಾಳಿಯ ಎದುರಿನಿಂದ ಹಾಯಿಸಿದರೆ ಆ ತಂಪೂ ದಕ್ಕುತ್ತದೆ ಎಂದು ಸೂಚಿಸಿದ. ಮುಂದೆ ಗಾಳಿಯನ್ನೇ ದ್ರವ ಮಾಡಿದ ಯಂತ್ರಗಳೆಲ್ಲ ನಿಂತಿರುವುದು ಈ ಎದುರುಹರಿವಿನ ಮೇಲೆ. ಮಂಜುಗಡ್ಡೆ ವ್ಯಾಪಾರವನ್ನು ಮಾತ್ರ ಫರ್ಡಿನಾಂಡ್ ಕಾರ್ರೆಯ ಅಮೋನಿಯಾ ಯಂತ್ರ ಮತ್ತು ಅದರ ಬಳಗದವು ಗೆದ್ದುಕೊಂಡವು. ಗಾಳಿ ಯಂತ್ರ ಉಳಿದದ್ದು ಅದರ ನಿರಪಾಯ ಗುಣ ಬೇಕಾದ ಕಡೆ: 1880ರಲ್ಲಿ ಸ್ಟ್ರಾತ್‌ಲೆವೆನ್ ಹಡಗು ಆಸ್ಟ್ರೇಲಿಯಾದ ಮಾಂಸವನ್ನು ಹೆಪ್ಪುಗಟ್ಟಿಸಿ ಲಂಡನ್ನಿಗೆ ಮುಟ್ಟಿಸಿದ್ದು ಬೆಲ್ ಮತ್ತು ಕೋಲ್ಮನ್‌ರ ಗಾಳಿ ಯಂತ್ರದಿಂದ. ವಾಲ್ವಿಗೆ ಹಿಮ ಅಡರುವ ಕಾಟ ಅವರಿಗೂ ತಪ್ಪಲಿಲ್ಲ; ಹಿಗ್ಗಿಸುವ ಮೊದಲೇ ಗಾಳಿಯ ನೀರು ಬಸಿಯುವುದಕ್ಕೆ ಅವರು ಬಹಳ ಹೆಣಗಿದರು.

ಗಾರಿಗೆ ಗೌರವ ತಡವಾಗಿ ಬಂತು. ಅಪಲಾಚಿಕೋಲಾದಲ್ಲಿ ಅವನ ಸ್ಮಾರಕ ನಿಲ್ಲಿಸಿದ್ದು ದಕ್ಷಿಣದ ಮಂಜುಗಡ್ಡೆ ವ್ಯಾಪಾರಿಗಳ ಸಂಘ. 1914ರಲ್ಲಿ ಫ್ಲೋರಿಡಾ ರಾಜ್ಯ ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಅವನ ಪ್ರತಿಮೆ ಕಳಿಸಿತು. ಪೇಟೆಂಟಿನ ಮಾದರಿ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

ಗಾಳಿಯನ್ನು ಅದುಮಿ, ತಣಿಸಿ, ಕೆಲಸ ಮಾಡಿಸುತ್ತ ಹಿಗ್ಗಿಸುವ ಅವನ ಕ್ರಮ ಇವತ್ತು ಹೆಚ್ಚಾಗಿ ಬಳಕೆಯಲ್ಲಿರುವುದು ವಿಮಾನಗಳಲ್ಲಿ. ಪಿಸ್ಟನ್ನಿನ ಜಾಗದಲ್ಲಿ ಪುಟ್ಟ ಟರ್ಬೈನು ಬಂದಿದೆ. ಅದು ಹಗುರ, ಸೋರಿದರೂ ವಿಷವಿಲ್ಲ, ಒತ್ತಿದ ಗಾಳಿ ವಿಮಾನದ ಎಂಜಿನ್ನಿನಲ್ಲಿ ಹೇಗೂ ಸಿಗುತ್ತದೆ. ತೇವದ ಸಮಸ್ಯೆಯೂ ಜೊತೆಗೇ ಬಂದಿದೆ, ಅದಕ್ಕೇ ನೀರು ಬೇರ್ಪಡಿಸುವ ಭಾಗವೊಂದನ್ನು ಕೂಡಿಸಿರುತ್ತಾರೆ. ಮಳೆಗಾಲದಲ್ಲಿ ಮಂಗಳೂರಿನಂಥ ಕರಾವಳಿ ನಿಲ್ದಾಣದಲ್ಲಿ ವಿಮಾನ ಹತ್ತಿದಾಗ ತಲೆಯ ಮೇಲಿನ ಕಿಂಡಿಗಳಿಂದ ಬಿಳಿ ಹೊಗೆಯಂಥದ್ದು ಇಳಿದು ಹೊಸಬರು ಗಾಬರಿಯಾಗುವುದುಂಟು. ಅದು ಹೊಗೆಯಲ್ಲ. ಬಾಗಿಲು ತೆರೆದಿದ್ದಾಗ ಒಳಬಂದ ಕರಾವಳಿಯ ತೇವ ತಣ್ಣನೆಯ ಗಾಳಿಗೆ ಸಿಕ್ಕಿ ಮಂಜಾಗಿರುತ್ತದೆ. ಬಾಗಿಲು ಹಾಕಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ.